ಕಲಬುರಗಿಯಿಂದ ಕಲ್ಯಾಣಕ್ಕೆ, ಕೆನ್ಯಾದ ಮಾತು ಹೊತ್ತು

ಜನವರಿ 22, ಕಲಬುರಗಿ

ರಾಷ್ಟ್ರೀಯ ಮತದಾರರ ದಿನದ ಅಂಗವಾಗಿ ಯಾದಗಿರಿ, ಬೀದರ್ ಮತ್ತು ಬಸವಕಲ್ಯಾಣದ ಕಾಲೇಜುಗಳವರು ಉಪನ್ಯಾಸಕ್ಕೆ ಕರೆದು ವಿಷಯ ಯಾವುದೆಂದು ಕೇಳಿದಾಗ ನಾನು ಕೆನ್ಯಾ ದೇಶದ ಹೆಸರು ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಮತದಾನದ ಮಹತ್ವವನ್ನು ನಮ್ಮ ಮಕ್ಕಳು ಶಾಲೆಯ ಗೋಡೆಬರಹ ಓದಿಯೇ ಕಲಿತಿರುತ್ತಾರೆ. ಆದರೆ ಎಣಿಕೆ ಮುಗಿದು, ಸೋತವರು ಇದನ್ನು ಒಪ್ಪುವುದಿಲ್ಲವೆಂದು ಎದ್ದು ನಿಂತ ಮೇಲೆ ಒಂದು ದೇಶ ಏನು ಮಾಡಬೇಕೆಂಬುದನ್ನು ನಾವು ಯಾರೂ ತರಗತಿಯಲ್ಲಿ ಹೇಳಿಕೊಡುವುದಿಲ್ಲ. ಮೂವತ್ತು ವರ್ಷ ರಾಜ್ಯಶಾಸ್ತ್ರ ಬೋಧಿಸಿದ ನಾನೂ ಹೇಳಿಕೊಟ್ಟಿರಲಿಲ್ಲ. ಆ ಬಾಕಿಯನ್ನು ನಾಲ್ಕು ದಿನಗಳಲ್ಲಿ ಆದಷ್ಟು ತೀರಿಸಬೇಕೆಂಬ ಆಸೆಯಿಂದ ಹೊರಟೆ.

ಮರುದಿನದ ರೈಲಿಗೆ ಇನ್ನೂ ಹೊತ್ತಿದ್ದುದರಿಂದ, ಈಗ ವಕೀಲನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಾಣಲು ಹೈಕೋರ್ಟ್ ಪೀಠದ ಕಡೆಗೆ ಹೋದೆ. ಎದುರಿನ ಅಂಗಡಿಯಲ್ಲಿ ಸುಸಲಾ, ಮಿರ್ಚಿ ಮುಂದಿಟ್ಟುಕೊಂಡು ನನ್ನ ಟಿಪ್ಪಣಿಯನ್ನು ಅವನಿಗೆ ಓದಿ ಹೇಳಿದೆ. 2007ರ ಡಿಸೆಂಬರ್ 27ರಂದು ಕೆನ್ಯಾದಲ್ಲಿ ಮತದಾನ ನಡೆಯಿತು. ಅಧಿಕಾರದಲ್ಲಿದ್ದ ಅಧ್ಯಕ್ಷ ಮ್ವಾಯ್ ಕಿಬಾಕಿ ಒಂದು ಕಡೆ, ರೈಲಾ ಒಡಿಂಗಾ ಇನ್ನೊಂದು ಕಡೆ. ಎಣಿಕೆಯ ಆರಂಭದಲ್ಲಿ ಒಡಿಂಗಾ ಮುಂದಿದ್ದರು, ಕ್ರಮೇಣ ಆ ಅಂತರ ಕರಗಿತು. ಫಲಿತಾಂಶ ತಡವಾಗುತ್ತ ಹೋಗಿ, 30ರ ಸಂಜೆ ಚುನಾವಣಾ ಆಯೋಗದ ಮುಖ್ಯಸ್ಥ ಸ್ಯಾಮುಯೆಲ್ ಕಿವುಯಿಟು ಅವರು ಕಿಬಾಕಿಗೆ 45,84,721, ಒಡಿಂಗಾಗೆ 43,52,993 ಮತಗಳೆಂದು ಘೋಷಿಸಿದರು. ಸುಮಾರು ಒಂದು ಗಂಟೆಯೊಳಗೆ, ಹೊತ್ತು ಮುಳುಗುವಾಗ, ಅಧ್ಯಕ್ಷ ಭವನದ ಆವರಣದಲ್ಲಿ ಪ್ರಮಾಣವಚನವೂ ಮುಗಿದುಹೋಯಿತು. ಟಿ.ವಿ. ವಾಹಿನಿಗಳ ನೇರ ಪ್ರಸಾರಕ್ಕೆ ತಡೆ ಬಿತ್ತು, ಒಡಿಂಗಾ ಕಡೆಯವರು ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಅದೇ ಕಿವುಯಿಟು, ಕಿಬಾಕಿ ನಿಜವಾಗಿ ಗೆದ್ದಿದ್ದಾರೆಯೋ ಇಲ್ಲವೋ ತನಗೆ ತಿಳಿಯದೆಂದರು.

“ಅಲ್ರಿ ಸರ, ಒಡಿಂಗಾ ಕೋರ್ಟಿಗಿ ಹೋಗಬೇಕಿತ್ತಲ್ಲ? ಅದು ಬಿಟ್ಟು ಮಂದಿನ ಬೀದಿಗಿ ಯಾಕ ಇಳಿಸಬೇಕು?” ಎಂದು ಅವನು ಕೇಳಿದ. ಅವನ ವೃತ್ತಿಗೆ ಸಹಜವಾದ ಪ್ರಶ್ನೆ. ಒಡಿಂಗಾ ಪಕ್ಷದವರು ನ್ಯಾಯಾಲಯಕ್ಕೆ ಹೋಗುವುದಿಲ್ಲವೆಂದೇ ಹೇಳಿದ್ದರು, ಆ ನ್ಯಾಯಾಧೀಶರು ಕಿಬಾಕಿಯವರ ಜನ ಎಂಬುದು ಅವರ ಆರೋಪವಾಗಿತ್ತು. ಈ ಮಾತಿಗೆ ಹತ್ತು ವರ್ಷ ಹಿಂದಿನ ಒಂದು ಪ್ರಸಂಗ ಬಲ ಕೊಟ್ಟಿತ್ತು. 1997ರ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಾಪ್ ಮೋಯ್ ಎದುರು ಸೋತು ತಕರಾರು ಅರ್ಜಿ ಹಾಕಿದವರು ಬೇರಾರೂ ಅಲ್ಲ, ಇದೇ ಕಿಬಾಕಿ. ಅರ್ಜಿಯ ಪ್ರತಿಯನ್ನು ಮೋಯ್ ಅವರ ಕೈಗೇ ಮುಟ್ಟಿಸಿಲ್ಲ ಎಂಬ ಕಾರಣಕ್ಕೆ 1999ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಂದೂಕಿನ ಕಾವಲಿನೊಳಗಿರುವ ಅಧ್ಯಕ್ಷನ ಕೈಗೆ, ಅವನ ವಿರುದ್ಧದ್ದೇ ಅರ್ಜಿಯನ್ನು, ಸೋತವನು ಹೇಗೆ ಮುಟ್ಟಿಸಬೇಕಿತ್ತು? ನನ್ನ ವಕೀಲ ಶಿಷ್ಯ ತಿನ್ನುವುದನ್ನು ನಿಲ್ಲಿಸಿ ಆ ಸಾಲನ್ನು ಎರಡು ಸಲ ಓದಿಸಿಕೊಂಡ.

ನಾವು ಕುಳಿತ ಜಾಗದ ಎದುರಿಗಿದ್ದ ಪೀಠ 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ನನ್ನ ತಂದೆ ಎರಡು ಎಕರೆ ಹೊಲದ ದಾವೆಗಾಗಿ ಕಾಗದಪತ್ರಗಳ ಗಂಟನ್ನು ತಲೆದಿಂಬಾಗಿಸಿಕೊಂಡು ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದರು. ಕೊನೆಗೆ ಆ ದಾವೆಯನ್ನು ಅವರು ಸೋತರು. ಆದರೂ ಹೋಗಿ ಕೇಳುವುದಕ್ಕೆ ಒಂದು ಜಾಗವಿದೆ ಎಂಬ ನಂಬಿಕೆಯನ್ನು ಸಾಯುವ ತನಕ ಬಿಡಲಿಲ್ಲ. 2008ರ ಜನವರಿಯ ಕೆನ್ಯಾದಲ್ಲಿ ಸುಟ್ಟುಹೋದದ್ದು ಮೊದಲು ಆ ನಂಬಿಕೆ, ಮನೆಗಳು ಆಮೇಲೆ.

ಜನವರಿ 23, ಯಾದಗಿರಿ

ಬೆಳಗಿನ ರೈಲು ಶಹಾಬಾದ್, ವಾಡಿ ದಾಟಿ ನಾಲವಾರದ ಹತ್ತಿರ ನಿಧಾನಿಸಿದಾಗ, 2008ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಪಿ.ಆರ್.ಓ., ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿದ್ದ ದಿನ ನೆನಪಾಯಿತು. ಮತಯಂತ್ರಕ್ಕೆ ಅರಗಿನ ಮುದ್ರೆ ಹಾಕಿ, ಯಂತ್ರಗಳನ್ನು ಮರಳಿ ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರಕ್ಕೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿದ್ದಾಗ, ಒಬ್ಬ ವಯಸ್ಸಾದ ಏಜೆಂಟರು ನನ್ನ ಮೇಜು ಬಿಟ್ಟು ಕದಲಲಿಲ್ಲ. ಅವರಿಗೆ 17-ಸಿ ನಮೂನೆಯ ಪ್ರತಿ ಬೇಕಿತ್ತು. ಮತಗಟ್ಟೆಯಲ್ಲಿ ಎಷ್ಟು ಮತ ಬಿದ್ದಿವೆ ಎಂಬ ಲೆಕ್ಕವನ್ನು ಬರೆದು, ಅಧಿಕಾರಿ ಸಹಿ ಹಾಕಿ, ಪ್ರತಿ ಪಕ್ಷದ ಏಜೆಂಟರಿಗೂ ಕೊಡಬೇಕಾದ ಕಾಗದ ಅದು. “ಇದು ನನ್ನ ಕಿಸೆದಾಗ ಇರ್ಲಿ ಸಾಹೇಬ್ರ. ನಾಳಿ ಯಾರರೆ ಬ್ಯಾರೆ ಲೆಕ್ಕ ಹೇಳಿದ್ರ ತೋರಸ್ಲಿಕ್ಕಿ ಬರ್ತದ” ಎಂದು ಅದನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಕಿಸೆಗೆ ಹಾಕಿಕೊಂಡರು. ಆ ವರ್ಷವೇ ಪತ್ರಿಕೆಗಳಲ್ಲಿ ಕೆನ್ಯಾದ ಸುಟ್ಟ ಇಗರ್ಜಿಯ ಚಿತ್ರ ನೋಡಿದ್ದ ನನಗೆ, ಆ ಹಿರಿಯರ ಒಳಕಿಸೆಯ ಬೆಲೆ ಏನೆಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಯಾದಗಿರಿಯ ಸಭೆಯಲ್ಲಿ ನಾನು ಹಿಂಸೆಯ ಲೆಕ್ಕದಿಂದಲೇ ಮಾತು ಆರಂಭಿಸಿದೆ. ಆ ಹಿಂಸೆಯ ತನಿಖೆ ಮಾಡಿದ ನ್ಯಾಯಮೂರ್ತಿ ಫಿಲಿಪ್ ವಾಕಿ ಆಯೋಗದ ಪ್ರಕಾರ ಎರಡು ತಿಂಗಳಲ್ಲಿ ಸತ್ತವರು 1,133 ಜನ. ಮನೆ ಬಿಟ್ಟು ಓಡಿದವರು ಮೂರೂವರೆ ಲಕ್ಷಕ್ಕೂ ಹೆಚ್ಚು. ಎಲ್ಡೊರೆಟ್ ಪಟ್ಟಣದ ಹತ್ತಿರದ ಕಿಯಾಂಬಾದಲ್ಲಿ ಪ್ರಾಣ ಉಳಿಸಿಕೊಳ್ಳಲು ಇಗರ್ಜಿಯೊಳಗೆ ಸೇರಿದ್ದ ಹೆಂಗಸರು, ಮಕ್ಕಳನ್ನು ಹೊಸ ವರ್ಷದ ದಿನವೇ ಬೆಂಕಿ ಹಚ್ಚಿ ಕೊಂದರು. ನೈವಾಷಾದಲ್ಲಿ ಇನ್ನೊಂದು ಕಡೆಯವರು ಅದರ ಸೇಡು ತೀರಿಸಿಕೊಂಡರು. ಸತ್ತವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಗುಂಡೇಟಿಗೆ ಬಲಿಯಾದವರು. ಮಚ್ಚು ಹಿಡಿದ ಪಡ್ಡೆಗಳ ಕೃತ್ಯವೆಂದಷ್ಟೇ ಹೇಳಿ ಕೈ ತೊಳೆದುಕೊಳ್ಳಲು ಈ ಲೆಕ್ಕ ಬಿಡುವುದಿಲ್ಲ. ಪೊಲೀಸರ ಕೈಯಲ್ಲಿದ್ದ ಬಂದೂಕುಗಳನ್ನೂ ಅದರೊಳಗೆ ಸೇರಿಸಲೇಬೇಕು.

ಒಬ್ಬ ವಿದ್ಯಾರ್ಥಿನಿ ಎದ್ದು, “ನಮ್ಮೂರಾಗ ಅರ್ಧ ಮಂದಿ ಬೆಂಗಳೂರು, ಪುಣೆ ಅಂತ ಗುಳೆ ಹೋಗ್ಯಾರ್ರಿ. ಅವರೂ ಹಂಗ ಮನಿ ಬಿಟ್ಟವರ ಅಲ್ಲೇನ್ರಿ?” ಎಂದಳು. ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ, ಸುಲಭವಾಗಿ ಉತ್ತರಿಸಲೂ ಆಗಲಿಲ್ಲ. ಗುಳೆ ಹೋದವರು ಹಬ್ಬಕ್ಕೋ ಜಾತ್ರೆಗೋ ಬಂದರೆ ಬೀಗ ತೆಗೆಯಲು ಬಾಗಿಲು ಉಳಿದಿರುತ್ತದೆ, ಪಕ್ಕದ ಮನೆಯವರು ಬಾ ಎಂದು ನೀರು ಕೊಡುತ್ತಾರೆ. ಕೆನ್ಯಾದ ರಿಫ್ಟ್ ಕಣಿವೆಯಲ್ಲಿ ಬಾಗಿಲನ್ನು ಸುಟ್ಟವರೇ ಪಕ್ಕದ ಮನೆಯವರಾಗಿದ್ದರು. 2008ರ ಮೇ ತಿಂಗಳಲ್ಲಿ ಸರ್ಕಾರ ‘ರುಡಿ ನ್ಯುಂಬಾನಿ’, ಅಂದರೆ ‘ಮನೆಗೆ ಮರಳಿ’ ಎಂಬ ಕಾರ್ಯಾಚರಣೆ ಆರಂಭಿಸಿ ಶಿಬಿರಗಳನ್ನು ಖಾಲಿ ಮಾಡಿಸತೊಡಗಿತು. ಆದರೆ ಮರಳುವವನ ಜೊತೆ ಭಯವೂ ಮರಳುತ್ತದೆ ಎಂಬುದನ್ನು ಆದೇಶ ಹೊರಡಿಸಿದವರು ಎಣಿಸಲಿಲ್ಲವೆಂದು ನನ್ನ ಅಭಿಪ್ರಾಯ.

ಈ ದ್ವೇಷ ಒಂದು ಚುನಾವಣೆಯಿಂದ ಹುಟ್ಟಿದ್ದಲ್ಲ. ಬಿಳಿಯ ಜಮೀನ್ದಾರರು ಕಿತ್ತುಕೊಂಡಿದ್ದ ನೆಲ ಸ್ವಾತಂತ್ರ್ಯದ ನಂತರ ಯಾರಿಗೆ ಸೇರಬೇಕಿತ್ತು, ಯಾರಿಗೆ ಸೇರಿತು ಎಂಬ ಜಗಳ ಅದರ ಬೇರಿನಲ್ಲಿದೆ. 1992ರ ಮತ್ತು 1997ರ ಚುನಾವಣೆಗಳ ಹೊತ್ತಿಗೂ ಅಲ್ಲಿ ರಕ್ತ ಹರಿದಿತ್ತು. ಅಧ್ಯಕ್ಷ ಪದವಿ ಹಿಡಿದವನ ಸಮುದಾಯಕ್ಕೆ ರಸ್ತೆ, ನೌಕರಿ, ನೀರು. ಉಳಿದವರಿಗೆ ಐದು ವರ್ಷ ಕಾಯುವ ಕೆಲಸ ಎಂಬ ಭಾವನೆ ಬಲವಾಗಿದ್ದರೆ, ಚುನಾವಣೆಯ ಸೋಲು ಬದುಕಿನ ಸೋಲೇ ಆಗುತ್ತದೆ. 2010ರ ಹೊಸ ಸಂವಿಧಾನ ಅದಕ್ಕೆಂದೇ ದೇಶವನ್ನು 47 ಕೌಂಟಿಗಳಾಗಿ ವಿಂಗಡಿಸಿ, ರಾಷ್ಟ್ರದ ಆದಾಯದಲ್ಲಿ ಶೇ. 15ಕ್ಕೆ ಕಡಿಮೆಯಾಗದ ಪಾಲು ಅವುಗಳಿಗೆ ಸಲ್ಲಲೇಬೇಕೆಂದು ಬರೆಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371-ಜೆ ಕಲಮಿಗಾಗಿ ವರ್ಷಗಟ್ಟಲೆ ಹೋರಾಡಿ, 2012ರ 98ನೇ ತಿದ್ದುಪಡಿಯಲ್ಲಿ ಅದನ್ನು ಪಡೆದ ನಮ್ಮ ಭಾಗದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಪಾಲು ಕೃಪೆಯಾಗಿ ಬರುವುದಕ್ಕೂ ಕಾನೂನಾಗಿ ಬರುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಮನೆಯಲ್ಲೇ ಗೊತ್ತು.

ಸಂಜೆಯ ರೈಲಿಗೆ ಮರಳಿ ಕಲಬುರಗಿಗೆ ಬಂದೆ.

ಜನವರಿ 24, ಬೀದರ್

2017ರಲ್ಲಿ ಆರಂಭವಾದ ಕಲಬುರಗಿ–ಬೀದರ್ ರೈಲುಮಾರ್ಗದಲ್ಲಿ ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ತಲುಪಿದಾಗ ಉಪನ್ಯಾಸಕ್ಕೆ ಇನ್ನೂ ಮೂರು ಗಂಟೆ ಇತ್ತು. ನೇರವಾಗಿ ಮಹಮೂದ್ ಗವಾನನ ಮದರಸಾಕ್ಕೆ ಹೋದೆ. 1472ರಲ್ಲಿ ಕಟ್ಟಿದ ಮೂರಂತಸ್ತಿನ ಆ ವಿದ್ಯಾಲಯದ ಮುಂಭಾಗದಲ್ಲಿ ಈಗ ಒಂದೇ ಮಿನಾರು ನಿಂತಿದೆ. ಹದಿನೇಳನೆಯ ಶತಮಾನದ ಕೊನೆಗೆ ಒಳಗಿಟ್ಟಿದ್ದ ಮದ್ದು ಸಿಡಿದು ಉಳಿದದ್ದು ನೆಲಕ್ಕೆ ಬಿತ್ತು. ನೀಲಿ ಹೆಂಚಿನ ತುಣುಕುಗಳು ಅಲ್ಲಲ್ಲಿ ಬಿಸಿಲಿಗೆ ಮಿನುಗುತ್ತವೆ.

ಈ ಕಟ್ಟಡದ ಎದುರು ನಿಂತಾಗಲೆಲ್ಲ ನನಗೆ ಗವಾನನ ಓದಿಗಿಂತ ಅವನ ಸಾವು ಹೆಚ್ಚು ಕಾಡುತ್ತದೆ. ಬಹಮನಿ ರಾಜ್ಯದ ವಜೀರನಾಗಿ ನಾಲ್ಕಿದ್ದ ಪ್ರಾಂತಗಳನ್ನು ಎಂಟಾಗಿ ಒಡೆದು, ಅಮೀರರ ಬಲವನ್ನು ಹದ್ದಿನಲ್ಲಿಟ್ಟಿದ್ದಕ್ಕೆ ಅವನ ಮೇಲೆ ಅನೇಕರಿಗೆ ಹಗೆಯಿತ್ತು. ಅವರು ಅವನ ಮುದ್ರೆ ಇಟ್ಟುಕೊಂಡಿದ್ದ ಸೇವಕನನ್ನು ಒಲಿಸಿಕೊಂಡು ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಆಮೇಲೆ ಅದರ ಮೇಲೆ, ಒರಿಸ್ಸಾದ ರಾಜನನ್ನು ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಪತ್ರ ಬರೆದು ಸುಲ್ತಾನನ ಮುಂದಿಟ್ಟರು. ಮುದ್ರೆ ನಿಜವಾದದ್ದು, ಬರಹ ಸುಳ್ಳು. ಸುಲ್ತಾನ್ ಮೂರನೇ ಮುಹಮ್ಮದ್ ವಿಚಾರಣೆಯಿಲ್ಲದೆ 1481ರಲ್ಲಿ ಅವನ ತಲೆ ತೆಗೆಸಿದ. ಮರುವರ್ಷ ಪಶ್ಚಾತ್ತಾಪದಲ್ಲಿ ತಾನೂ ಸತ್ತ. ಮುಂದೆ ಕೆಲವು ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಮಧ್ಯಾಹ್ನ ಸಭೆಯಲ್ಲಿ ಇಲ್ಲಿಂದಲೇ ಕೆನ್ಯಾಕ್ಕೆ ದಾರಿ ಮಾಡಿಕೊಂಡೆ. 2007ರ ಚುನಾವಣೆಯನ್ನು ಪರಿಶೀಲಿಸಲು ನೇಮಕವಾದ ಆಯೋಗಕ್ಕೆ ದಕ್ಷಿಣ ಆಫ್ರಿಕಾದ ನಿವೃತ್ತ ನ್ಯಾಯಮೂರ್ತಿ ಯೋಹಾನ್ ಕ್ರೀಗ್ಲರ್ ಮುಖ್ಯಸ್ಥರಾಗಿದ್ದರು. ಕಿಬಾಕಿ ಗೆದ್ದರೋ, ಒಡಿಂಗಾ ಗೆದ್ದರೋ ಎಂದು ಇಡೀ ದೇಶ ಅವರ ಬಾಯಿಯನ್ನೇ ನೋಡುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಬಂದ ಉತ್ತರವನ್ನು ನಾನು ವೇದಿಕೆಯ ಮೇಲೆ ನಿಧಾನವಾಗಿ ಹೇಳಿದೆ: ಯಾರು ಗೆದ್ದರೆಂದು ಹೇಳಲು ಸಾಧ್ಯವೇ ಇಲ್ಲ. ಲೆಕ್ಕದ ಕಾಗದಗಳು ಅಷ್ಟು ಕೆಟ್ಟಿವೆ, ಅಕ್ರಮ ಎರಡೂ ಪಕ್ಷಗಳ ಗಟ್ಟಿ ನೆಲೆಗಳಲ್ಲಿ ನಡೆದಿದೆ, ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರುಗಳೇ ಸುಮಾರು 12 ಲಕ್ಷ ಇರಬಹುದು. ಚುನಾವಣೆಗೆ ಮುಂಚೆ ಪ್ರತಿಪಕ್ಷಗಳನ್ನು ಕೇಳದೆಯೇ ಕಿಬಾಕಿ ಅವರು ಚುನಾವಣಾ ಆಯೋಗದ ಬಹುಪಾಲು ಸದಸ್ಯರನ್ನು ನೇಮಿಸಿದ್ದರು, 1997ರಲ್ಲಿ ಪಕ್ಷಗಳು ಮಾಡಿಕೊಂಡಿದ್ದ ಒಪ್ಪಂದವನ್ನು ಪಕ್ಕಕ್ಕಿಟ್ಟಿದ್ದರು. ಅನುಮಾನ ಎಣಿಕೆಗಿಂತ ಮೊದಲೇ ಮನೆ ಮಾಡಿತ್ತು. ಸತ್ಯವನ್ನು ಹುಡುಕಿ ತೆಗೆಯುವುದು ಸಾಧ್ಯವಿಲ್ಲವಾದಾಗ ಅದನ್ನು ಮುಂದೆ ಕಳೆದುಕೊಳ್ಳದಂತೆ ಕಟ್ಟುವುದಷ್ಟೇ ಉಳಿದ ದಾರಿ. ಹಳೆಯ ಚುನಾವಣಾ ಆಯೋಗವನ್ನು ಅದೇ ಡಿಸೆಂಬರಿನಲ್ಲಿ ರದ್ದು ಮಾಡಲಾಯಿತು.

2010ರ ಆಗಸ್ಟ್ 4ರಂದು ಜನಮತಗಣನೆ ನಡೆದು, ಮೂರರಲ್ಲಿ ಎರಡು ಪಾಲು ಮತದಾರರು ಹೊಸ ಸಂವಿಧಾನವನ್ನು ಒಪ್ಪಿದರು. ಅದು ಸುಪ್ರೀಂ ಕೋರ್ಟನ್ನು ಹೊಸದಾಗಿ ಸ್ಥಾಪಿಸಿ, ಅಧ್ಯಕ್ಷ ಚುನಾವಣೆಯ ತಕರಾರನ್ನು 14 ದಿನಗಳಲ್ಲಿ ತೀರ್ಮಾನಿಸಬೇಕೆಂದು ವಿಧಿಸಿತು. ಆ ಬಾಗಿಲನ್ನು ಒಡಿಂಗಾ ಮೂರು ಸಲ ತಟ್ಟಿದರು. 2013ರಲ್ಲಿ ಸೋತರು, ತೀರ್ಪು ತಮಗೆ ಒಪ್ಪಿಗೆಯಿಲ್ಲದಿದ್ದರೂ ತಲೆಬಾಗುವುದಾಗಿ ಹೇಳಿದರು. 2017ರ ಸೆಪ್ಟೆಂಬರ್ 1ರಂದು ಗೆದ್ದರು. ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ಪೀಠ 4–2ರ ಬಹುಮತದಿಂದ ಅಧಿಕಾರಾರೂಢ ಅಧ್ಯಕ್ಷ ಉಹುರು ಕೆನ್ಯಾಟಾ ಅವರ ಗೆಲುವನ್ನೇ ರದ್ದುಪಡಿಸಿತು. ಮತಗಳ ಅಂತರ ಸುಮಾರು 14 ಲಕ್ಷವಿತ್ತು. ಆದರೆ ಫಲಿತಾಂಶದ ಕೆಲವು ನಮೂನೆಗಳಲ್ಲಿ ಇರಬೇಕಾದ ನೀರುಗುರುತು, ಕ್ರಮಸಂಖ್ಯೆಗಳಿರಲಿಲ್ಲ, ಕಂಪ್ಯೂಟರ್ ಸರ್ವರುಗಳನ್ನು ಪರಿಶೀಲನೆಗೆ ತೆರೆಯಿರೆಂಬ ಆದೇಶವನ್ನು ಆಯೋಗ ಪಾಲಿಸಿರಲಿಲ್ಲ. ಆಫ್ರಿಕಾ ಖಂಡದಲ್ಲಿ ನ್ಯಾಯಾಲಯವೊಂದು ಅಧ್ಯಕ್ಷನ ಆಯ್ಕೆಯನ್ನು ರದ್ದು ಮಾಡಿದ್ದು ಅದೇ ಮೊದಲು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಕಹಿಯ ಭಾಗವನ್ನೂ ಹೇಳಿದೆ. ಆ ಚುನಾವಣೆಗೆ ಕೆಲವು ದಿನ ಮುಂಚೆ ಆಯೋಗದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕ್ರಿಸ್ ಮ್ಸಾಂಡೊ ಅವರ ಕೊಲೆಯಾಗಿತ್ತು. ಮರುಚುನಾವಣೆಯನ್ನು ಒಡಿಂಗಾ ಬಹಿಷ್ಕರಿಸಿದರು, ಮತ್ತೆ ಜನ ಸತ್ತರು.

ಮೂರನೆಯ ಸಲ, 2022ರಲ್ಲಿ, ವಿಲಿಯಂ ರೂಟೊ ಎದುರು ಒಡಿಂಗಾ ಸೋತದ್ದು 2,33,211 ಮತಗಳಿಂದ. 2007ರ ಘೋಷಿತ ಅಂತರ 2,31,728. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಹೆಚ್ಚುಕಡಿಮೆ ಅದೇ ಅಂತರ, ಸೋತವನೂ ಅದೇ ಮನುಷ್ಯ. ಆಯೋಗದ ಏಳು ಸದಸ್ಯರಲ್ಲಿ ನಾಲ್ವರು ಫಲಿತಾಂಶ ತಮಗೆ ಒಪ್ಪಿಗೆಯಿಲ್ಲವೆಂದು ಹೊರಗೆ ಬಂದಿದ್ದರು. 2008ರ ಹಾಗೆ ದೇಶ ಹೊತ್ತಿ ಉರಿಯಲು ಬೇಕಾದ ಎಲ್ಲ ಒಣ ಕಟ್ಟಿಗೆಯೂ ಅಲ್ಲಿತ್ತು. ಆದರೆ ಈ ಸಲ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶ ಬರೆದ 34-ಎ ನಮೂನೆಗಳನ್ನು ಆಯೋಗ ಅಂತರಜಾಲದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿತ್ತು. ಪತ್ರಿಕೆಗಳು, ಪಕ್ಷಗಳು, ಕಾಲೇಜು ಹುಡುಗರು ಎಲ್ಲರೂ ಕೂಡಿಸಿ ನೋಡಬಹುದಾಗಿತ್ತು. ಚಿತ್ತಾಪುರದ ಹಿರಿಯರ ಒಳಕಿಸೆಯ ಕಾಗದ ಅಲ್ಲಿ ಇಡೀ ದೇಶದ ಕಿಸೆಯಲ್ಲಿತ್ತು. ಒಡಿಂಗಾ ಕೋರ್ಟಿಗೆ ಹೋದರು, ಸೆಪ್ಟೆಂಬರ್ 5ರಂದು ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಅರ್ಜಿಯನ್ನು ವಜಾ ಮಾಡಿದರು, ಅಧಿಕಾರ ಹಸ್ತಾಂತರವಾಯಿತು.

ಜನವರಿ 25, ಬಸವಕಲ್ಯಾಣ

ಬೆಳಗಿನ ಬಸ್ಸಿನಲ್ಲಿ ಹುಮನಾಬಾದ್ ಮೇಲೆ ಹೊರಟು ಸಸ್ತಾಪುರ ಬಂಗ್ಲಾದಲ್ಲಿ ಇಳಿದಾಗ, ಕರೆಯಲು ಬಂದ ಅಧ್ಯಾಪಕರು ದಾರಿಯಲ್ಲೇ ತಮ್ಮ ಒಂದು ಕಷ್ಟ ಹೇಳಿಕೊಂಡರು. ಅವರು ನೋಡಿಕೊಳ್ಳುವ ವಿದ್ಯಾರ್ಥಿ ನಿಲಯದಲ್ಲಿ ಊಟದ ಸಮಿತಿಗೆ ಚುನಾವಣೆ ಆಗಿತ್ತು. ಚೀಟಿಗಳನ್ನು ಬಾಗಿಲು ಹಾಕಿಕೊಂಡು ಎಣಿಸಿ, ಹೆಸರು ಹೇಳಿ, ಚೀಟಿಗಳನ್ನು ಒಲೆಗೆ ಹಾಕಿಬಿಟ್ಟಿದ್ದರು. ಮೂರು ವಾರಗಳಿಂದ ಹುಡುಗರು ಎರಡು ಸಾಲಾಗಿ ಬೇರೆ ಬೇರೆ ಕೂತು ಉಣ್ಣುತ್ತಿದ್ದಾರೆ, ಒಬ್ಬರಿಗೊಬ್ಬರು ಮಾತಿಲ್ಲ. “ನೀವೇ ಎರಡು ಮಾತು ಹೇಳ್ರಿ ಸರ, ನಮ್ಮದು ಕೇಳವಲ್ರು” ಎಂದರು.

ಕಲ್ಯಾಣದಲ್ಲಿ ನಿಂತು ಮಾತಾಡುವಾಗ, ಅನುಭವ ಮಂಟಪದ ಈ ನೆಲದಲ್ಲೇ ಹರಳಯ್ಯ, ಮಧುವರಸರಿಗಾದ ಶಿಕ್ಷೆಯ ನಂತರ ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕಾಪಾಲಾದರು ಎಂಬುದನ್ನು ಮರೆಯಲಾಗುವುದಿಲ್ಲ. ಮಾತು ಕಟ್ಟಿದ ಊರಿನಲ್ಲಿಯೇ ಮಾತು ಮುರಿದುಬಿದ್ದಿತ್ತು. ಹಾಗಾಗಿ ಇಲ್ಲಿ ಸಂಧಾನದ ಕಥೆಯನ್ನೇ ಆರಿಸಿಕೊಂಡೆ. 2008ರ ಜನವರಿ 22ರಂದು ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಸಂಧಾನಕ್ಕೆಂದು ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಇಳಿದರು. ಜೊತೆಗೆ ನೆಲ್ಸನ್ ಮಂಡೇಲಾ ಅವರ ಪತ್ನಿ ಗ್ರಾಸಾ ಮಾಶೆಲ್ ಮತ್ತು ತಾಂಜಾನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಮ್ಕಾಪಾ. ಎರಡೇ ದಿನದಲ್ಲಿ ಕಿಬಾಕಿ, ಒಡಿಂಗಾ ಇಬ್ಬರನ್ನೂ ಕ್ಯಾಮೆರಾಗಳ ಮುಂದೆ ಕೈಕುಲುಕಿಸಿದರು. ಆಮೇಲೆ ಎರಡೂ ಕಡೆಯ ಪ್ರತಿನಿಧಿಗಳನ್ನು ಒಂದೇ ಮೇಜಿನ ಸುತ್ತ ವಾರಗಟ್ಟಲೆ ಕೂರಿಸಿದರು. ಮೊದಲು ಹಿಂಸೆ ನಿಲ್ಲಿಸುವುದು, ಎರಡನೆಯದು ನಿರಾಶ್ರಿತರಿಗೆ ನೆರವು, ಮೂರನೆಯದು ಅಧಿಕಾರದ ಬಿಕ್ಕಟ್ಟು, ನಾಲ್ಕನೆಯದು ಭೂಮಿ, ಬಡತನ, ಸಂವಿಧಾನದಂಥ ಹಳೆಯ ಗಾಯಗಳು ಎಂದು ಕಾರ್ಯಸೂಚಿ ಸಿದ್ಧವಾಯಿತು. ಫೆಬ್ರವರಿ 28ರಂದು ಸಹಿ ಬಿತ್ತು. ಕಿಬಾಕಿ ಅಧ್ಯಕ್ಷರಾಗಿ ಮುಂದುವರಿದರು, ಒಡಿಂಗಾಗಾಗಿ ಪ್ರಧಾನಮಂತ್ರಿ ಪದವಿ ಸೃಷ್ಟಿಯಾಗಿ ಏಪ್ರಿಲ್ 17ರಂದು ಅವರು ಪ್ರಮಾಣವಚನ ತೆಗೆದುಕೊಂಡರು. ಕೆನ್ಯಾವನ್ನು ನಿಜವಾಗಿ ಉಳಿಸಿದ್ದು ಮೂರನೆಯ ಅಂಶವಲ್ಲ, ನಾಲ್ಕನೆಯದು ಎಂದೇ ನಾನು ನಂಬಿದ್ದೇನೆ. ಕುರ್ಚಿ ಹಂಚಿಕೊಂಡು ಅಲ್ಲಿಗೇ ನಿಲ್ಲಿಸಿದ್ದರೆ ಮುಂದಿನ ಚುನಾವಣೆಯವರೆಗೆ ಉಸಿರು ಬಿಡಲು ಬಿಡುವು ಸಿಗುತ್ತಿತ್ತು, ಅಷ್ಟೆ.

“ಕೊಂದವರಿಗಿ ಶಿಕ್ಷಾ ಆಯ್ತೇನ್ರಿ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ. ದೊಡ್ಡವರಿಗೆ ಆಗಲಿಲ್ಲ. ವಾಕಿ ಆಯೋಗ ಶಂಕಿತರ ಹೆಸರುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಅನ್ನಾನರಿಗೆ ಕೊಟ್ಟಿತು, 2009ರಲ್ಲಿ ಅದು ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಆರೋಪ ಎದುರಿಸುತ್ತಿದ್ದ ಕೆನ್ಯಾಟಾ ಮತ್ತು ರೂಟೊ ಜೊತೆಗೂಡಿ 2013ರಲ್ಲಿ ಅಧ್ಯಕ್ಷ, ಉಪಾಧ್ಯಕ್ಷರಾದರು. ಕೆನ್ಯಾಟಾ ವಿರುದ್ಧದ ಆರೋಪಗಳನ್ನು 2014ರಲ್ಲಿ ಹಿಂತೆಗೆದುಕೊಳ್ಳಲಾಯಿತು, ರೂಟೊ ಮೊಕದ್ದಮೆ 2016ರಲ್ಲಿ ಮುಗಿದುಹೋಯಿತು. ಕಿಯಾಂಬಾದ ತಾಯಂದಿರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ. 2024ರ ಜೂನಿನಲ್ಲಿ ತೆರಿಗೆ ಮಸೂದೆಯ ವಿರುದ್ಧ ಬೀದಿಗಿಳಿದ ಯುವಕರ ಮೇಲೆ ಅದೇ ದೇಶದ ಪೊಲೀಸರು ಮತ್ತೆ ಗುಂಡು ಹಾರಿಸಿದರು. ಕಿಬಾಕಿ 2022ರಲ್ಲಿ ತೀರಿಕೊಂಡರು. ಒಡಿಂಗಾ 2025ರ ಅಕ್ಟೋಬರ್ 15ರಂದು ಚಿಕಿತ್ಸೆಗೆಂದು ಬಂದಿದ್ದ ನಮ್ಮ ಪಕ್ಕದ ಕೇರಳದಲ್ಲಿಯೇ ಕೊನೆಯುಸಿರೆಳೆದರು. ಅಧ್ಯಕ್ಷ ಪದವಿಗೆ ಐದು ಸಲ ಸ್ಪರ್ಧಿಸಿ ಐದೂ ಸಲ ಸೋತ ಮನುಷ್ಯನಿಗೆ, ಗೆದ್ದಿದ್ದ ರೂಟೊ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿದರು.

ಸಂಜೆ ವಿದ್ಯಾರ್ಥಿ ನಿಲಯಕ್ಕೆ ಹೋದೆ. ಎರಡೂ ಗುಂಪಿನ ಹುಡುಗರು ಗೋಡೆಗೆ ಒರಗಿ ಎದುರು ಬದುರು ನಿಂತಿದ್ದರು. ಚೀಟಿ ಸುಟ್ಟಮೇಲೆ ಯಾರು ಗೆದ್ದರೆಂದು ನಾನೂ ಹೇಳಲಾರೆ, ಕ್ರೀಗ್ಲರ್ ಸಾಹೇಬರು ಬಂದರೂ ಹೇಳಲಾರರು ಎಂದೆ. “ಹಂಗಾದ್ರ ನಾವೇನು ಮಾಡ್ಬೇಕ್ರಿ?” ಎಂದು ಸೋತ ಗುಂಪಿನವನು ಕೇಳಿದ. ನನಗಿಂತ ಮೊದಲು ಗೆದ್ದ ಗುಂಪಿನವನೇ, “ಮಾರ್ಚ್ ತನಕ ಇಬ್ಬರೂ ಕೂಡಿ ಲೆಕ್ಕ ಬರೀಮು. ಮುಂದಿನ ಸಲ ಎಣಿಸೋದು ಎಲ್ಲರ ಮುಂದ, ಬಾಗಿಲಾ ತಗದು” ಎಂದ. ಚೀಟಿಗಳನ್ನು ಒಂದು ತಿಂಗಳು ಡಬ್ಬಿಯಲ್ಲಿಡಬೇಕು, ತಕರಾರಿದ್ದವರು ಮೂರು ದಿನದೊಳಗೆ ಬರೆದುಕೊಡಬೇಕು, ಅದನ್ನು ಕೇಳುವವರು ವಾರ್ಡನ್ ಆಗಿರಬಾರದು ಎಂದು ಇನ್ನೊಬ್ಬ ಸೇರಿಸಿದ. ಯಾರು ಕೇಳಬೇಕೆಂಬುದರ ಮೇಲೆಯೇ ಅರ್ಧ ಗಂಟೆ ವಾದ ನಡೆಯಿತು, ಎರಡು ಸಲ ದನಿ ಏರಿತು. ಕೊನೆಗೆ ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಎರಡೂ ಕಡೆಯವರು ಸಹಿ ಮಾಡಿ, ಅಡುಗೆಮನೆಯ ಬಾಗಿಲಿನ ಪಕ್ಕದ ಗೋಡೆಗೆ ಅಂಟಿಸಿದರು.

ಊಟಕ್ಕೆ ನನ್ನನ್ನೂ ಕೂರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹುಡುಗರು ಅಂದೂ ಎರಡು ಸಾಲಾಗಿಯೇ ಕೂತಿದ್ದರು. ಊಟದ ನಡುವೆ ಒಬ್ಬ ಎದ್ದುಹೋಗಿ ಗೋಡೆಯ ಹಾಳೆಯನ್ನು ಮತ್ತೊಮ್ಮೆ ಓದಿದ, ಪೆನ್ನಿನಿಂದ ಒಂದು ತಪ್ಪಕ್ಷರ ತಿದ್ದಿ, ತಿದ್ದಿದ್ದನ್ನು ಎದುರು ಸಾಲಿನ ಹುಡುಗನೊಬ್ಬನಿಗೆ ಕರೆದು ತೋರಿಸಿ, ಬಂದು ತನ್ನ ತಾಟಿನ ಮುಂದೆ ಕೂತ.